ಕಚೇರಿ ಮುಗಿದ ಮೇಲಿನ ಹೊತ್ತು ಯಾರದು?

ರಾತ್ರಿ ಊಟಕ್ಕೆ ಕೂತರೂ ತಟ್ಟೆಯ ಪಕ್ಕದಲ್ಲೇ ಫೋನು. ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಅರ್ಜೆಂಟ್’ ಎಂದು ಬಂದರೆ ಸಾರನ್ನ ಕಲಸುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ, ಎಡಗೈ ಉತ್ತರ ಒತ್ತತೊಡಗುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದು ದಿನನಿತ್ಯದ ಪಾಡು.

ವರ್ಷಗಟ್ಟಲೆ ಹೀಗೇ ನಡೆದರೆ ಬರುವುದೇ ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ, ಉದ್ಯೋಗದಿಂದಲೇ ಹುಟ್ಟುವ ಸ್ಥಿತಿ ಎಂದು ವಿವರಿಸಿತು. ಮೈಮನದ ಕಸುವೆಲ್ಲ ಬಸಿದುಹೋಗುತ್ತದೆ, ಕೆಲಸವೆಂದರೆ ಜಿಗುಪ್ಸೆ ಹುಟ್ಟುತ್ತದೆ, ಸಲೀಸಾಗಿ ಮಾಡುತ್ತಿದ್ದುದೂ ಕೈಗೂಡುವುದಿಲ್ಲ. ಅತಿ ದುಡಿಮೆ ಜೀವಕ್ಕೂ ಎರವಾಗಬಹುದು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದದ್ದರ ಪರಿಣಾಮವಾಗಿ 2016ರಲ್ಲಿ ಜಗತ್ತಿನಾದ್ಯಂತ ಸುಮಾರು 7.45 ಲಕ್ಷ ಜನ ಪಾರ್ಶ್ವವಾಯು, ಹೃದ್ರೋಗಗಳಿಗೆ ಬಲಿಯಾದರೆಂದು ಇದೇ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜಿಸಿವೆ.

ಬಿಡುವಿನ ಹೊತ್ತನ್ನು ಕಾಯಲು ಉಳಿದ ದೇಶಗಳು ಏನು ಮಾಡಿವೆ?

ಜರ್ಮನಿಯ ಫೋಕ್ಸ್‌ವ್ಯಾಗನ್ 2011ರಲ್ಲೇ ಒಂದು ಸರಳ ದಾರಿ ಹುಡುಕಿತು: ಪಾಳಿ ಮುಗಿದು ಅರ್ಧ ಗಂಟೆಯಾದ ಮೇಲೆ ಒಂದು ವರ್ಗದ ನೌಕರರ ಫೋನಿಗೆ ಕಚೇರಿಯ ಇಮೇಲ್ ಹೋಗುವುದನ್ನೇ ನಿಲ್ಲಿಸಿತು. ಸಂಯಮವನ್ನು ನೌಕರನೊಬ್ಬನ ತಲೆಗೇ ಕಟ್ಟದೆ ಸಂಸ್ಥೆಯೇ ಹೊಣೆ ಹೊತ್ತದ್ದು ಇಲ್ಲಿನ ದೊಡ್ಡತನ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಸಂಪರ್ಕ ಕಡಿದುಕೊಳ್ಳುವ ಹಕ್ಕಿಗೆ ಕಾನೂನಿನ ಬಲವಿದೆ.

ಕರ್ನಾಟಕದಲ್ಲಾದರೋ ಅದೇ 2024ರಲ್ಲಿ ಐಟಿ ನೌಕರರ ದುಡಿಮೆಯ ಅವಧಿಯನ್ನು ಹಿಗ್ಗಿಸುವ ಪ್ರಸ್ತಾವ ಬಂದು, ನೌಕರರ ಸಂಘಟನೆ ಬೀದಿಗಿಳಿಯಬೇಕಾಯಿತು.

ಬಿಡುವಿನ ಹೊತ್ತನ್ನು ಕಾಯಲು ಇಲ್ಲೂ ಕಾನೂನು ಬರುವವರೆಗೆ ಸುಮ್ಮನಿರಬೇಕಿಲ್ಲ. ತಂಡದ ಮುಖ್ಯಸ್ಥರು ರಾತ್ರಿ ಹೊಳೆದದ್ದನ್ನು ಬರೆದಿಟ್ಟು, ಬೆಳಿಗ್ಗೆ ಕಳಿಸಲಿ.