ವಾದಪತ್ರದಲ್ಲಿ ಏನೇನು ಬರೆಸಬೇಕು? ದಾವೆ ಹೂಡುವ ಬೆಳೆಗಾರರಿಗೆ ಕೆಲವು ಮಾತು

ನೇತ್ರಾವತಿ ದಂಡೆಯ ಫರಂಗಿಪೇಟೆ, ಪುದು, ತುಂಬೆ ಸುತ್ತಿನ ಬೆಳೆಗಾರರಿಗೆ ಅಡಿಕೆಯನ್ನು ಚೋಲ್, ಪಟೋರ, ಉಳ್ಳಿ, ಕರಿಗೋಟು ಎಂದು ಬೇರ್ಪಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮಾರಿದ ಅಡಿಕೆಯ ಹಣ ಬಾರದಿದ್ದಾಗ, ಇಲ್ಲವೆ ಜಾಗ ಕೊಳ್ಳುವಾಗ ಮೋಸ ಹೋದಾಗ ನ್ಯಾಯಾಲಯದಲ್ಲಿ ಹೇಗೆ ಹೇಳಿಕೊಳ್ಳಬೇಕೆಂಬುದು ಹಲವರಿಗೆ ತಿಳಿಯದು. ಸತ್ಯ ನಮ್ಮ ಕಡೆ ಇದೆ, ಸಾಕ್ಷಿದಾರರೂ ಇದ್ದಾರೆ, ಉಳಿದದ್ದನ್ನು ವಕೀಲರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುತ್ತಾರೆ. ಒಬ್ಬ ಸಾಕ್ಷಿಯೂ ಕಟಕಟೆ ಹತ್ತುವ ಮೊದಲೇ ಅಂಥ ದಾವೆ ಮುಗಿದುಹೋಗಬಹುದು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೆಯ ಆದೇಶದ 11ನೆಯ ನಿಯಮ ಇದಕ್ಕೆ ಕಾರಣ. ವಾದಪತ್ರದಲ್ಲಿ ದಾವೆಗೆ ಕಾರಣವೇ ಕಾಣದಿದ್ದರೆ, ಅಥವಾ ದಾವೆಯು ಕಾನೂನಿನಿಂದ ನಿಷಿದ್ಧವೆಂದು, ಉದಾಹರಣೆಗೆ ಕಾಲಮಿತಿ ಮೀರಿದೆಯೆಂದು ವಾದಪತ್ರದಿಂದಲೇ ಗೊತ್ತಾದರೆ, ನ್ಯಾಯಾಧೀಶರು ಅದನ್ನು ತಿರಸ್ಕರಿಸತಕ್ಕದ್ದು. ಕಡಿಮೆ ಬಿದ್ದ ನ್ಯಾಯಾಲಯ ಶುಲ್ಕವನ್ನು ಹೇಳಿದ ಅವಧಿಯೊಳಗೆ ತುಂಬದಿದ್ದರೂ ಅದೇ ಗತಿ. ಈ ಹಂತದಲ್ಲಿ ನೋಡುವುದು ವಾದಪತ್ರವನ್ನೂ ಅದರೊಂದಿಗೆ ಕೊಟ್ಟ ದಾಖಲೆಗಳನ್ನೂ ಮಾತ್ರ. ಪ್ರತಿವಾದಿಯ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ವಾದಿಗೆ ಅನುಕೂಲವೂ ಹೌದು, ಅಪಾಯವೂ ಹೌದು. ಬರೆಯದೆ ಬಿಟ್ಟದ್ದನ್ನು ಬಾಯಿಮಾತಿನಲ್ಲಿ ತುಂಬಿಸಲು ಆಗದು.

ವಂಚನೆಯ ದಾವೆಗೆ ನಿಯಮ ಇನ್ನೂ ಬಿಗಿ. 6ನೆಯ ಆದೇಶದ 4ನೆಯ ನಿಯಮದಂತೆ ವಂಚನೆ, ಒತ್ತಾಯ, ಅನುಚಿತ ಪ್ರಭಾವ ಇವುಗಳ ವಿವರಗಳನ್ನು, ಬೇಕಾದಲ್ಲಿ ತಾರೀಕು ಸಹಿತ, ಬರೆಯಬೇಕು. ಒಂದು ಉದಾಹರಣೆ ಊಹಿಸೋಣ. ಒಬ್ಬರು ಮೂರು ಎಕರೆ ತೋಟಕ್ಕೆ ಮುಂಗಡ ಕೊಟ್ಟರು. ಅಳೆಸಿದಾಗ ಅದರಲ್ಲಿ ಒಂದು ಎಕರೆ ವರ್ಗ ಜಾಗವಲ್ಲ, ಸರಕಾರಿ ಕುಮ್ಕಿ ಎಂದು ತಿಳಿಯಿತು. "ಪ್ರತಿವಾದಿಯು ಮೋಸ, ದಗಾ, ಕುತಂತ್ರಗಳಿಂದ ವಾದಿಯನ್ನು ವಂಚಿಸಿದ್ದಾರೆ" ಎಂದು ವಾದಪತ್ರದಲ್ಲಿ ಹತ್ತು ಸಲ ಬರೆದರೂ ಅದು ಬೈಗುಳವಾದೀತೇ ಹೊರತು ವಿವರವಾಗದು. ಇಂಥ ದಿನ ಮಾರುವವರು ನನ್ನನ್ನು ತೋಟಕ್ಕೆ ಕರೆದೊಯ್ದು ಮೇಲಿನ ಅಗಳಿನವರೆಗೆ ಎಲ್ಲವೂ ವರ್ಗ ಜಾಗವೆಂದರು. ಅದನ್ನು ನಂಬಿ ಇಂಥ ದಿನ ಇಷ್ಟು ಮುಂಗಡ ಕೊಟ್ಟೆ. ಅದು ಕುಮ್ಕಿಯೆಂದು ಅವರಿಗೆ ಮೊದಲೇ ಗೊತ್ತಿತ್ತು, ಏಕೆಂದರೆ ಅದರ ಅಕ್ರಮ-ಸಕ್ರಮಕ್ಕೆ ಅವರೇ ಅರ್ಜಿ ಕೊಟ್ಟಿದ್ದರು. ಸರ್ವೆಯಾದ ಇಂಥ ದಿನ ನನಗೆ ನಿಜ ತಿಳಿಯಿತು. ಹೀಗೆ ಬರೆದರೆ ಆಡಿದ ಸುಳ್ಳು, ಅದು ಸುಳ್ಳೆಂಬ ಅರಿವು, ನಂಬಿ ಕೆಟ್ಟದ್ದು, ಆದ ನಷ್ಟ ನಾಲ್ಕೂ ಕಾಣುತ್ತವೆ. ಕೊನೆಯ ತಾರೀಕನ್ನಂತೂ ಮರೆಯಬಾರದು. ವಂಚನೆಯ ಕಾಲಮಿತಿಯನ್ನು ಅದು ತಿಳಿದ ದಿನದಿಂದ, ಅಥವಾ ತಕ್ಕ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ, ಎಣಿಸುತ್ತಾರೆ.

ನಮ್ಮ ರಾಜ್ಯದ ಒಂದು ಪ್ರಕರಣವೇ ಈ ವಿಷಯದಲ್ಲಿ ದೇಶಕ್ಕೆಲ್ಲ ಮಾದರಿಯಾಗಿದೆ. ಬೆಂಗಳೂರಿನ ಒಂದು ಬಾಡಿಗೆ ಕಟ್ಟಡದಿಂದ ಹೊರಹಾಕುವ ಆದೇಶ ಹೈಕೋರ್ಟಿನವರೆಗೂ ಖಾಯಂ ಆದ ಮೇಲೆ, ಆ ಆದೇಶವನ್ನೇ ವಂಚನೆಯಿಂದ ಪಡೆಯಲಾಗಿದೆಯೆಂದು ಮುನ್ಸೀಫ್ ಕೋರ್ಟಿನಲ್ಲಿ ಹೊಸ ದಾವೆ ಹೂಡಲಾಯಿತು. 1977ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ವಾದಪತ್ರವನ್ನು ಅಕ್ಷರಕ್ಕಲ್ಲ, ಅರ್ಥಕ್ಕೆ ಓದಬೇಕು. ಜಾಣ ಬರವಣಿಗೆಯಿಂದ ಕಾರಣವಿದ್ದಂತೆ ತೋರಿಸಿದ್ದರೆ ಅದನ್ನು ಮೊದಲ ವಿಚಾರಣೆಯಲ್ಲೇ ಚಿವುಟಬೇಕು ಎಂದು ವಿಧಿಸಿದರು.

ರೈತರು ಇನ್ನೂ ಹತ್ತಿರದಿಂದ ನೋಡಬೇಕಾದದ್ದು ಗುಜರಾತಿನ ಸೂರತ್ ಜಿಲ್ಲೆಯ ಪ್ರಕರಣ. ಕೃಷಿಭೂಮಿಯ ಒಡೆಯರು 2009ರಲ್ಲಿ ಸುಮಾರು 1.74 ಕೋಟಿ ರೂಪಾಯಿಗೆ ಕ್ರಯಪತ್ರ ಬರೆದುಕೊಟ್ಟರು. ಹಣವೆಲ್ಲ 36 ಚೆಕ್ಕುಗಳಲ್ಲಿ ಸಂದಿದೆಯೆಂದು ಪತ್ರದಲ್ಲೇ ಇತ್ತು. ತಮಗೆ ಸಿಕ್ಕಿದ್ದು ಬರೇ 40,000 ರೂಪಾಯಿ ಎಂದು ಅವರು ದಾವೆ ಹೂಡಿದ್ದು 2014ರ ಡಿಸೆಂಬರಿನಲ್ಲಿ. 2020ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ವಾದಪತ್ರದ ತಿರಸ್ಕಾರವನ್ನು ಎತ್ತಿಹಿಡಿಯಿತು. ಬೆಲೆಯ ಒಂದಂಶ ಬಾಕಿಯಾದ ಮಾತ್ರಕ್ಕೆ ನೋಂದಣಿಯಾದ ಕ್ರಯ ರದ್ದಾಗದು, ಬಾಕಿ ವಸೂಲಿಗೆ ಬೇರೆ ದಾರಿಯಿದೆ, ರದ್ದು ಕೇಳುವ ಮೂರು ವರ್ಷದ ಅವಧಿಯೂ ಮುಗಿದಿದೆ ಎಂಬುದು ಕಾರಣ. ನಿಜಕ್ಕೂ ಹಣ ಬಂದಿತ್ತೋ ಇಲ್ಲವೋ ಎಂಬ ಸಾಕ್ಷಿ ವಿಚಾರಣೆ ನಡೆಯಲೇ ಇಲ್ಲ. ಪೂರ್ತಿ ಹಣ ಕೈಸೇರುವ ಮೊದಲು "ಸಂದಾಯವಾಗಿದೆ" ಎಂಬ ಪತ್ರಕ್ಕೆ ರುಜು ಹಾಕುವ ಅಭ್ಯಾಸ ನಮ್ಮಲ್ಲೂ ಕಡಿಮೆಯೇನಿಲ್ಲ.

ಅಡಿಕೆಯ ಬಾಕಿಗೆ ಬರೋಣ. ಅಡಿಕೆಯನ್ನು ಮಾರಿದ್ದೋ, ದರ ಏರಿದಾಗ ಕಡಿಸಿಕೊಳ್ಳುತ್ತೇನೆಂದು ಅಂಗಡಿಯಲ್ಲಿ ಇಟ್ಟದ್ದೋ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಎರಡಕ್ಕೂ ಕಾನೂನು ಬೇರೆ. ಮಾರಿದ್ದಾದರೆ ಕೊಟ್ಟ ದಿನ, ಜಾತಿ, ತೂಕ, ಕ್ವಿಂಟಾಲಿನ ದರ, ಬಂದ ಹಣ, ಉಳಿದ ಬಾಕಿ ಬರೆಯಬೇಕು. ವಾಯಿದೆ ಗೊತ್ತುಮಾಡದಿದ್ದರೆ ಮಾಲು ಕೊಟ್ಟ ದಿನದಿಂದ, ಮಾಡಿದ್ದರೆ ವಾಯಿದೆ ಮುಗಿದ ದಿನದಿಂದ ಮೂರು ವರ್ಷ ಕಾಲಮಿತಿ. ಆ ಮೂರು ವರ್ಷದೊಳಗೆ ವ್ಯಾಪಾರಿಯು ಬಾಕಿ ಒಪ್ಪಿ ಬರೆದು ರುಜು ಹಾಕಿದರೆ ಅಲ್ಲಿಂದ ಹೊಸ ಎಣಿಕೆ. ಆದ್ದರಿಂದ ತೂಕದ ಚೀಟಿಯ ಜತೆಗೆ ರುಜು ಇರುವ ಲೆಕ್ಕವನ್ನೂ ಕೇಳಿ ಪಡೆಯಿರಿ. ಅವನ್ನು ವಾದಪತ್ರದೊಂದಿಗೇ ಹಾಜರುಪಡಿಸಬೇಕು.

ಜಾಗದ ಕರಾರನ್ನು ನೆರವೇರಿಸಿಕೊಡಿ ಎಂದು ಕೇಳುವವರು, ತಾವು ಬಾಕಿ ಹಣ ಕೊಡಲು ಸದಾ ಸಿದ್ಧರಿದ್ದೆವೆಂಬುದನ್ನು ಬರೆಯಬೇಕು. 2018ರ ತಿದ್ದುಪಡಿಯು ಕಾನೂನಿನಿಂದ "ಹೇಳಬೇಕು" ಎಂಬ ಮಾತನ್ನು ತೆಗೆದು "ರುಜುವಾತುಪಡಿಸಬೇಕು" ಎಂಬುದನ್ನು ಉಳಿಸಿದೆ. ಹೇಳದ್ದನ್ನು ರುಜುವಾತುಪಡಿಸುವುದು ಹೇಗೆ?

ವಾದಪತ್ರ ತಿರಸ್ಕೃತವಾದರೆ ಆ ಆದೇಶದ ಮೇಲೆ ಅಪೀಲು ಹೋಗಬಹುದು. ಕಾಲಮಿತಿ ಉಳಿದಿದ್ದರೆ ಅದೇ ಕಾರಣದ ಮೇಲೆ ಹೊಸ ವಾದಪತ್ರವನ್ನೂ ಕೊಡಬಹುದು. ವಕೀಲರ ಖರ್ಚು ಹೊರಲಾರದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಕೇಳಲು ಅರ್ಹತೆಯಿದೆ.