ಟೀಚರ್ ಮನೆಯ ತಟ್ಟೆ

ಪಕ್ಕದ ಮನೆಯ ಟೀಚರ ಒಂದು ಸ್ಟೀಲ್ ತಟ್ಟೆ ಹೋದ ವರ್ಷದ ಕ್ರಿಸ್ಮಸ್‌ನಿಂದ ನಮ್ಮ ಅಡುಗೆಮನೆಯ ಕಪಾಟಿನಲ್ಲೇ ಉಳಿದುಬಿಟ್ಟಿತ್ತು. ಅಂಚಿನಲ್ಲಿ ಅವರ ಹೆಸರು ಕೊರೆಸಿದ ತಟ್ಟೆ. ಅದನ್ನು ಕಂಡಾಗಲೆಲ್ಲ ಮನಸ್ಸಿಗೆ ಚುಚ್ಚುತ್ತಿತ್ತು.

ಪುತ್ತೂರಿನ ನಮ್ಮ ಕೇರಿಯಲ್ಲಿ ತಿಂಡಿ ಬಂದ ತಟ್ಟೆಯನ್ನು ಖಾಲಿಯಾಗಿ ವಾಪಸು ಕಳಿಸುವ ಪದ್ಧತಿ ಇಲ್ಲ. ಚೌತಿಗೆ ನಮ್ಮಿಂದ ಉಂಡೆ, ಚಕ್ಕುಲಿ ಹೋದರೆ, ಡಿಸೆಂಬರ್ ಕೊನೆಗೆ ಅವರಿಂದ ಕುಸ್ವಾರ್ ಬರುತ್ತದೆ. ಘಟ್ಟದ ಮೇಲಿನ ಮಕ್ಕಳಿಗೆ ಈ ಹೆಸರು ಹೊಸದಿರಬಹುದು. ಮಂಗಳೂರು ಕಡೆಯ ಕ್ರೈಸ್ತರು ಕ್ರಿಸ್ಮಸ್‌ಗೆಂದು ಮಾಡುವ ಹತ್ತಾರು ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ಕರ್ಜಿಕಾಯಿಯಂಥ ನೆವ್ರಿ, ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡಿ ಕರಿದ ಕಿಡಿಯೊ, ಹೂವಿನ ಅಚ್ಚು ಅದ್ದಿ ಕರಿಯುವ ಕೊಕ್ಕಿಸ್, ಗೋಲಿಯಂತೆ ಗಟ್ಟಿಯಾದ ಗುಳಿಯೊ. ನನ್ನ ಮೊಮ್ಮಗನಿಗೆ ಬೆಂಗಳೂರಿನಿಂದ ಬರುವಾಗ ಬಸ್ಸಿನಲ್ಲೇ ಕಿಡಿಯೊ ಕನಸು.

ಹೋದ ವರ್ಷ ಆ ತಟ್ಟೆ ಬಂದ ಸ್ವಲ್ಪ ದಿನಕ್ಕೇ ಟೀಚರ ಯಜಮಾನರು ಆಸ್ಪತ್ರೆ ಸೇರಿದರು. ಮಳೆಗಾಲದಲ್ಲಿ ತೀರಿಕೊಂಡರು. ಓಡಾಟದ ನಡುವೆ ತಟ್ಟೆ ನಮ್ಮಲ್ಲೇ ಉಳಿಯಿತು. ಆಮೇಲೆ ಕೊಡಲು ಸಂಕೋಚ. ಏನಿಟ್ಟು ಕೊಡಲಿ?

ಈ ಸಲ ರಜೆಗೆ ಬಂದ ಮೊಮ್ಮಗ ಚೀಲ ಇಳಿಸುವ ಮೊದಲೇ ಕೇಳಿದ, "ಅಜ್ಜಿ, ಟೀಚರಜ್ಜಿ ಕುಸ್ವಾರ್ ಕಳಿಸಿದ್ರಾ?" ಅವರ ಮನೆಯಲ್ಲಿ ಈ ವರ್ಷ ಏನೂ ಮಾಡುವುದಿಲ್ಲ ಎಂದೆ. ಅವನು ಸುಮ್ಮನಾದ. ಏಳನೇ ತರಗತಿಯ ಅವನಕ್ಕ ಮಾತ್ರ, "ಹಾಗಾದ್ರೆ ಈ ಸಲ ನಾವು ಕಳಿಸೋಣ" ಎಂದಳು.

ನಾನು ಅನುಮಾನಿಸಿದೆ. ದುಃಖದ ಮನೆಗೆ ಸಿಹಿ ತೆಗೆದುಕೊಂಡು ಹೋಗುವುದು ಸರಿಯೇ? ಜಗಲಿಯಲ್ಲಿ ಪೇಪರು ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತದೆ ಹೇಳಿದರು: "ಅವರು ಮಾಡುವುದಿಲ್ಲ ಅಂತ ಹೇಳಿದ್ದು. ತಿನ್ನುವುದಿಲ್ಲ ಅಂತ ಹೇಳಲಿಲ್ಲವಲ್ಲ."

ಕಿಡಿಯೊ ನನಗೆ ಬರುವುದಿಲ್ಲ. ಮಕ್ಕಳನ್ನು ಕಾದ ಎಣ್ಣೆಯ ಹತ್ತಿರ ಬಿಡುವ ಧೈರ್ಯವೂ ಇಲ್ಲ. ಕೊನೆಗೆ ಆರಿಸಿದ್ದು ನೆಲಗಡಲೆ, ಗೇರುಬೀಜ ಹಾಕಿದ ಚಾಕೊಲೇಟ್.

"ತೋಟದ ಕೊಕ್ಕೊದಿಂದಲೇ ಮಾಡೋಣ" ಎಂದು ಮೊಮ್ಮಗ ಕುಣಿದ. ನಮ್ಮ ಅಡಿಕೆ ಮರಗಳ ನಡುವೆ ಹತ್ತಿಪ್ಪತ್ತು ಕೊಕ್ಕೊ ಗಿಡಗಳಿವೆ. ಕಾಂಡಕ್ಕೇ ಅಂಟಿಕೊಂಡು ಕಾಯಿ ಬಿಡುವ ಗಿಡ ಅದು. ಹಣ್ಣನ್ನು ಒಡೆದು ಬೀಜದ ಮೇಲಿನ ಬಿಳಿ ತಿರುಳು ಚೀಪಿದರೆ ಹುಳಿಸಿಹಿ. ಬೀಜ ಕಚ್ಚಿದಿರೋ, ಬಾಯೆಲ್ಲ ಕಹಿ. ಅವನು ಕಚ್ಚಿಯೇ ಬಿಟ್ಟ, ಉಗಿದ. ಆ ಬೀಜವನ್ನು ಐದಾರು ದಿನ ಹುಳಿ ಬರಿಸಿ, ಬಿಸಿಲಲ್ಲಿ ಒಣಗಿಸಿ, ಹುರಿದು, ಸಿಪ್ಪೆ ತೆಗೆದು, ಗಂಟೆಗಟ್ಟಲೆ ನುಣ್ಣಗೆ ಅರೆದ ಮೇಲೆಯೇ ಚಾಕೊಲೇಟ್ ಆಗುವುದು. ಅದಕ್ಕೆ ನಮ್ಮೂರಲ್ಲೇ ಕ್ಯಾಂಪ್ಕೊ ಕಾರ್ಖಾನೆ ಇದೆ. 1973ರಲ್ಲಿ ಅಡಿಕೆ ಬೆಳೆಗಾರರೇ ಸೇರಿ ಕಟ್ಟಿದ ಸಹಕಾರ ಸಂಘ ಅದು. ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ಅದಕ್ಕೆ ಕೆಲವು ವರ್ಷ ಮೊದಲು ಕೊಕ್ಕೊ ಕೇಳುವವರಿಲ್ಲದೆ ರೈತರು ಗಿಡಗಳನ್ನೇ ಕಡಿದು ಹಾಕುತ್ತಿದ್ದ ಕಾಲವೂ ಇತ್ತು. ನಮ್ಮ ಮಾವನವರೂ ಕೊಡಲಿ ಎತ್ತಿದ್ದರು, ಅತ್ತೆ ಬಿಡಲಿಲ್ಲವಂತೆ.

ಹಾಗಾಗಿ ಪೇಟೆಯಿಂದ 400 ಗ್ರಾಮಿನ ಡಾರ್ಕ್ ಕಾಂಪೌಂಡ್ ಗಟ್ಟಿ ತಂದೆವು. ಕಾಂಪೌಂಡ್ ಎಂದರೆ ಕೊಕ್ಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ್ದು. ಅಸಲಿ ಚಾಕೊಲೇಟಿನ ರುಚಿ ಇದಕ್ಕಿಲ್ಲ, ಒಪ್ಪಿದೆ. ಆದರೆ ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ನಾಲಿಗೆಯ ಮೇಲಿಟ್ಟರೆ ಕರಗುವುದು ಅದಕ್ಕೇ, ನಮ್ಮ ಕರಾವಳಿಯ ಮಧ್ಯಾಹ್ನಕ್ಕೆ ಮೆತ್ತಗಾಗುವುದೂ ಅದಕ್ಕೇ. ಅಲ್ಲದೆ ಅದನ್ನು ಕರಗಿಸಿ ಮತ್ತೆ ಹೊಳಪಿನಿಂದ ಗಟ್ಟಿಯಾಗಿಸಲು ಶಾಖವನ್ನು ಲೆಕ್ಕವಿಟ್ಟು ಏರಿಸಿ ಇಳಿಸಬೇಕು. ಕಾಂಪೌಂಡಿಗೆ ಅಷ್ಟೊಂದು ಉಪಚಾರ ಬೇಡ.

ನೆಲಗಡಲೆ 150 ಗ್ರಾಂ, ಗೇರುಬೀಜ 50 ಗ್ರಾಂ. ನೆಲಗಡಲೆ ಹುರಿಯುವ ಕೆಲಸ ನನ್ನದು. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ಆಡಿಸುವುದು. ಉರಿ ಜೋರಾದರೆ ಸಿಪ್ಪೆ ಸೀದು ಒಳಗೆ ಹಸಿಯೇ ಉಳಿಯುತ್ತದೆ. ಒಂದು ಕಾಳನ್ನು ಉಜ್ಜಿದಾಗ ಸಿಪ್ಪೆ ತಾನಾಗಿ ಬಿಟ್ಟರೆ ಸಾಕು. ಆರಿದ ಮೇಲೆ ಮಕ್ಕಳು ಬಟ್ಟೆಯಲ್ಲಿ ಕಟ್ಟಿ ಉಜ್ಜಿದರು. ಮೊರದಲ್ಲಿ ಕೇರುವುದನ್ನು ಮೊಮ್ಮಗಳಿಗೆ ಕಲಿಸಿದೆ. ಮೊದಲ ಸಲ ಸಿಪ್ಪೆಯ ಜೊತೆ ಕಾಳೂ ಅಂಗಳಕ್ಕೆ ಹಾರಿತು, ಅಳಿಲಿಗೆ ಲಾಭ. ಟೀಚರು ಹಲ್ಲಿನ ಸೆಟ್ಟು ಹಾಕಿಕೊಳ್ಳುತ್ತಾರಾದ್ದರಿಂದ ಎಲ್ಲವನ್ನೂ ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿದೆವು. ಅಜ್ಜ ಅಜ್ಜಿಯರಿಗೆ ಕೊಡುವುದಿದ್ದರೆ ನೀವೂ ಹಾಗೆಯೇ ಮಾಡಿ. ಮತ್ತೆ, ಕೆಲವರಿಗೆ ನೆಲಗಡಲೆ ಆಗಿಬರುವುದಿಲ್ಲ. ಕೊಡುವ ಮೊದಲೇ ಕೇಳಿಕೊಳ್ಳಿ.

ಕುಟ್ಟುತ್ತ ಕೂತಾಗ ಹೇಳಿದೆ: ಕೊಕ್ಕೊ, ನೆಲಗಡಲೆ, ಗೇರು, ಮೂರರ ತವರೂ ದಕ್ಷಿಣ ಅಮೆರಿಕ. ಗೇರನ್ನು ಬ್ರೆಜಿಲಿನಿಂದ ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. "ಹಾಗಾದ್ರೆ ನಮ್ಮದು ಅಂತ ಏನು ಹಾಕ್ತೇವೆ?" ಎಂದ ಮೊಮ್ಮಗ. ಉಪ್ಪು ಎಂದೆ. ಎರಡು ಚಿಟಿಕೆ.

ಕರಗಿಸುವಾಗ ಎಡವಿದೆವು. ದೊಡ್ಡ ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ, ಉರಿ ಆರಿಸಿ, ಅದರ ಮೇಲೆ ನೀರಿಗೆ ತಾಗದಂತೆ ಇನ್ನೊಂದು ಪಾತ್ರೆ ಕೂರಿಸಿ, ಚಾಕೊಲೇಟಿನ ಚೂರು ಹಾಕಿ ಕದಡುವುದು ಕ್ರಮ. ಎಲ್ಲ ಸರಿಯಾಗಿಯೇ ಇತ್ತು. ಮೊಮ್ಮಗ ಸಹಾಯ ಮಾಡಲು ಹೋಗಿ ಆಗಷ್ಟೇ ತೊಳೆದ ಸೌಟು ಅದ್ದಿದ. ರೇಷ್ಮೆಯಂತೆ ಹರಿಯುತ್ತಿದ್ದದ್ದು ಕಣ್ಣೆದುರೇ ಹೆಪ್ಪುಗಟ್ಟಿ ಮರಳು ಮರಳಾಯಿತು.

ಚಾಕೊಲೇಟ್ ಎಂದರೆ ಕೊಬ್ಬಿನಲ್ಲಿ ತೇಲುವ ಕೊಕ್ಕೊ ಮತ್ತು ಸಕ್ಕರೆಯ ನುಣ್ಣನೆ ಪುಡಿ. ನಾಲ್ಕು ಹನಿ ನೀರು ಬಿದ್ದರೂ ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟುತ್ತದೆ. ವಿಚಿತ್ರವೆಂದರೆ ಸ್ವಲ್ಪ ನೀರು ಬಿದ್ದರೆ ಗಟ್ಟಿ, ತುಂಬ ಸೇರಿದರೆ ಮತ್ತೆ ತೆಳು. ಹುಡುಗನ ಕಣ್ಣಲ್ಲಿ ನೀರು ಬಂದಿತ್ತು. ನಾನು ಬಿಸಿ ಹಾಲು ಸುರಿದು ಕಡೆದೆ. ಆ ಸಂಜೆ ನಮ್ಮ ಮನೆಯಲ್ಲಿ ಎಲ್ಲರಿಗೂ, ಕೆಲಸಕ್ಕೆ ಬಂದ ಅಡಿಕೆ ಕೊಯ್ಯುವವರಿಗೂ ಚಾಕೊಲೇಟ್ ಹಾಲು. ಯಜಮಾನರು ಎರಡು ಲೋಟ ಕುಡಿದು, ನಾಳೆಯೂ ಒದ್ದೆ ಸೌಟೇ ಇರಲಿ ಎಂದರು. ಅವರಿಗೆ ಸಕ್ಕರೆ ಕಾಯಿಲೆ. ಎರಡನೆಯ ಲೋಟ ನಾನು ನೋಡಿರಲಿಲ್ಲ.

ಮರುದಿನ ಹೊಸ ಗಟ್ಟಿ. ಪಾತ್ರೆ, ಸೌಟು, ಕೈ ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸುವ ಅಧಿಕಾರಿ ಮೊಮ್ಮಗ. ನನ್ನ ಬಳೆಯನ್ನೂ ಒರೆಸಿದ! ಐದಾರು ನಿಮಿಷದಲ್ಲಿ ಕರಗಿತು. ಕುಟ್ಟಿದ ಕಾಳು, ಉಪ್ಪು ಬೆರೆಸಿ, ಬಟರ್ ಪೇಪರಿನ ಮೇಲೆ ಚಿಕ್ಕ ಚಮಚದಲ್ಲಿ ಗುಪ್ಪೆ ಗುಪ್ಪೆಯಾಗಿ ಇಟ್ಟೆವು. ಅಚ್ಚು ಬೇಕಿಲ್ಲ, ಅಂಕುಡೊಂಕಾಗಿದ್ದರೇ ಚೆಂದ. ನಲವತ್ತಾಗಬೇಕಿತ್ತು, ಲೆಕ್ಕ ಹಾಕಿದಾಗ ಮೂವತ್ತಾರು. ಉಳಿದ ನಾಲ್ಕರ ಗುರುತು ಹುಡುಗನ ಮೂತಿಯಲ್ಲಿತ್ತು. ಫ್ರಿಜ್ಜಿನಲ್ಲಿ 20 ನಿಮಿಷ ಸಾಕು. ಹೊರತೆಗೆಯುವಾಗ ಮುಚ್ಚಿದ ಡಬ್ಬಿಯಲ್ಲೇ ಇದ್ದರೆ ಮೇಲೆ ನೀರ ಹನಿ ಕೂರುವುದಿಲ್ಲ. ಸೆಕೆಯಲ್ಲಿಟ್ಟು ಮತ್ತೆ ತಣ್ಣಗಾದರೆ ಮೇಲೆ ಬಿಳಿ ಪೊರೆ ಬರುವುದುಂಟು. ಅದು ಬೂಷ್ಟಲ್ಲ, ಮೇಲಕ್ಕೆ ಬಂದ ಕೊಬ್ಬು, ತಿನ್ನಬಹುದು.

ತಟ್ಟೆಯಲ್ಲಿ ಬಾಳೆಲೆಯ ತುಂಡು ಹಾಸಿ, ಇಪ್ಪತ್ತು ಜೋಡಿಸಿದೆವು. ಮೊಮ್ಮಗ ಒಂದು ಚೀಟಿ ಬರೆದ. ನಾನು ಓದಲು ಕೇಳಿದರೆ ಕೊಡಲಿಲ್ಲ.

ಕ್ರಿಸ್ಮಸ್ಸಿನ ಹಿಂದಿನ ದಿನ ಸಂಜೆ ಮೂವರೂ ಹೋದೆವು. ಪ್ರತಿವರ್ಷ ಗೋದಲಿ ಕಟ್ಟುತ್ತಿದ್ದ ಮೂಲೆ ಖಾಲಿ. ಟೀಚರು ಬಾಗಿಲು ತೆರೆದು, ನಮ್ಮನ್ನಲ್ಲ, ತಟ್ಟೆಯನ್ನು ನೋಡಿದರು. ಅಂಚಿನ ಹೆಸರನ್ನು ಬೆರಳಲ್ಲಿ ಸವರಿ, "ಇದು ನಿಮ್ಮಲ್ಲಿತ್ತಾ? ಅವರು ಹೋದ ವರ್ಷ ಇಡೀ ಮನೆ ಹುಡುಕಿದ್ರು ಅಕ್ಕಾ" ಎಂದರು. ನನಗೆ ಮಾತು ಹೊರಡಲಿಲ್ಲ. ಮೊಮ್ಮಗಳು ಮೆಲ್ಲಗೆ, "ಟೀಚರಜ್ಜಿ, ಕಾಳು ಸಣ್ಣ ಕುಟ್ಟಿದ್ದೇವೆ. ಹಲ್ಲಿಗೆ ತೊಂದರೆ ಆಗಲ್ಲ" ಎಂದಳು. ಅವರು ಒಂದನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕುರ್ಚಿ ಎಳೆದು, ಕೂತುಕೊಳ್ಳಿ, ಚಾ ಮಾಡ್ತೇನೆ ಎಂದರು. ಹೊರಡುವಾಗ ಕತ್ತಲಾಗಿತ್ತು.

ಇಪ್ಪತ್ತಾರರ ಬೆಳಿಗ್ಗೆ ತಟ್ಟೆ ನಮ್ಮ ಜಗಲಿಯ ಮೇಲೆ ಮತ್ತೆ ಬಂದು ಕೂತಿತ್ತು. ಒಂದು ಚಿಪ್ಪು ಕದಳಿ ಬಾಳೆಹಣ್ಣು, ಅದರ ಕೆಳಗೆ ಮೊಮ್ಮಗನ ಚೀಟಿ. "ಹಬ್ಬದ ಶುಬಾಶಯ" ಎಂದು ಅವನು ಬರೆದಿದ್ದ 'ಬಾ'ಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ದುಂಡಗೆ 'ಭಾ' ಎಂದು ತಿದ್ದಿತ್ತು. ಅಡಿಯಲ್ಲಿ: "ರುಚಿಗೆ 10ಕ್ಕೆ 9. ಉಪ್ಪು ಒಂದು ಚಿಟಿಕೆ ಹೆಚ್ಚು."