ಟಿ.ವಿ. ಹಾಡು: ಆರಿಸುವವರು ಯಾರು?

1981ರ ಆಗಸ್ಟ್ 1. ಮಧ್ಯರಾತ್ರಿ ಹನ್ನೆರಡು ಕಳೆದು ಒಂದು ನಿಮಿಷ. ಅಮೆರಿಕದಲ್ಲಿ ‘ಎಂಟಿವಿ’ ಎಂಬ ಹೊಸ ಚಾನೆಲ್ ಪ್ರಸಾರ ಆರಂಭಿಸಿತು. ಹಗಲಿರುಳೂ ಬರೀ ಹಾಡು ತೋರಿಸುವುದು ಅದರ ಉದ್ದೇಶ. ವಿಚಿತ್ರವೆಂದರೆ, ಚಾನೆಲ್ಲಿನ ಕಚೇರಿಯಿದ್ದ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲೇ ಆಗ ಅದು ಬರುತ್ತಿರಲಿಲ್ಲ. ಸಿಬ್ಬಂದಿ ತಮ್ಮ ಚಾನೆಲ್ಲಿನ ಮೊದಲ ಹಾಡು ನೋಡಲು ನದಿ ದಾಟಿ ನ್ಯೂಜೆರ್ಸಿಗೆ ಹೋಗಬೇಕಾಯಿತು!

ಇಪ್ಪತ್ತನಾಲ್ಕು ಗಂಟೆ ತುಂಬಿಸುವಷ್ಟು ಹಾಡುಗಳನ್ನು ತರುವುದೆಲ್ಲಿಂದ? ಉತ್ತರ ಸುಲಭವಾಗಿತ್ತು. ರೆಕಾರ್ಡ್ ಕಂಪನಿಗಳು ತಮ್ಮ ಖರ್ಚಿನಲ್ಲೇ ವಿಡಿಯೋ ಚಿತ್ರೀಕರಿಸಿ ಕೊಡುತ್ತಿದ್ದವು. ಕಂಪನಿಗೆ ಪ್ರಚಾರ, ಚಾನೆಲ್ಲಿಗೆ ಪುಕ್ಕಟೆ ಕಾರ್ಯಕ್ರಮ. ಹಾಡಿನ ಜತೆಗೆ ಚಿತ್ರ ತೆಗೆಯುವ ರೂಢಿ ಆ ಹೊತ್ತಿಗಾಗಲೇ ಬ್ರಿಟನ್ನಿನಲ್ಲಿ ಬೆಳೆದಿತ್ತು. ಹಾಗಾಗಿ ‘ಡುರಾನ್ ಡುರಾನ್’ನಂಥ ಬ್ರಿಟಿಷ್ ತಂಡಗಳು ಅಮೆರಿಕದ ಮನೆಮನೆಗೆ ಪರಿಚಯವಾದವು. ಅಂದರೆ ಒಂದು ಹಾಡು ತೆರೆಯ ಮೇಲೆ ಬರಲು ಅದು ಚೆನ್ನಾಗಿದ್ದರಷ್ಟೇ ಸಾಲದು, ಅದಕ್ಕೊಂದು ವಿಡಿಯೋ ಕೂಡ ಇರಬೇಕಿತ್ತು.

ಇನ್ನೊಂದು ಜರಡಿಯೂ ಇತ್ತು. ಚಾನೆಲ್ ಕಟ್ಟಿದವರಲ್ಲಿ ಪ್ರಮುಖರಾದ ರಾಬರ್ಟ್ ಪಿಟ್‌ಮನ್ ರೇಡಿಯೋದಿಂದ ಬಂದವರು. ಅಮೆರಿಕದ ರೇಡಿಯೋ ಕೇಂದ್ರಗಳು ಒಂದೊಂದು ಬಗೆಯ ಶ್ರೋತೃವರ್ಗಕ್ಕೆ ಒಂದೊಂದು ಬಗೆಯ ಸಂಗೀತವೆಂದು ಹಂಚಿಕೊಂಡಿದ್ದವು. ಎಂಟಿವಿ ಆರಿಸಿಕೊಂಡದ್ದು ರಾಕ್. ನಮ್ಮದು ರಾಕ್ ಚಾನೆಲ್ ಎಂಬ ಈ ನಿಯಮ ಮೇಲ್ನೋಟಕ್ಕೆ ನಿರುಪದ್ರವಿ. ಆದರೆ ಅದರಿಂದ ಹೊರಗುಳಿದವರಲ್ಲಿ ಬಹುಪಾಲು ಕಪ್ಪು ಜನಾಂಗದ ಕಲಾವಿದರೇ ಇದ್ದರು. ತಮ್ಮ ವಿಡಿಯೋ ತಿರಸ್ಕೃತವಾದಾಗ ಗಾಯಕ ರಿಕ್ ಜೇಮ್ಸ್ ಬಹಿರಂಗವಾಗಿಯೇ ಪ್ರತಿಭಟಿಸಿದರು. 1983ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಎಂಟಿವಿಗೆ ಸಂದರ್ಶನ ಕೊಡುತ್ತ ತಾವೇ ಪ್ರಶ್ನೆ ಹಾಕಿದರು: ಇಲ್ಲಿ ಕಪ್ಪು ಕಲಾವಿದರು ಏಕಿಷ್ಟು ಕಡಿಮೆ? ಸಣ್ಣ ಊರುಗಳ ಪ್ರೇಕ್ಷಕರು ಒಪ್ಪಬೇಕಲ್ಲ ಎಂಬರ್ಥದ ಸಮಜಾಯಿಷಿ ನಿರೂಪಕರಿಂದ ಬಂತು. ಬೋವಿಗೆ ಅದು ಸಮಾಧಾನ ತರಲಿಲ್ಲ.

ಅದೇ ವರ್ಷ ಮೈಕೆಲ್ ಜಾಕ್ಸನ್‌ರ ‘ಬಿಲ್ಲಿ ಜೀನ್’ ಎಂಟಿವಿಯಲ್ಲಿ ಪ್ರಸಾರವಾಯಿತು. ಪ್ರಸಾರ ಮಾಡದಿದ್ದರೆ ತಮ್ಮ ಎಲ್ಲ ವಿಡಿಯೋಗಳನ್ನೂ ಹಿಂಪಡೆಯುವುದಾಗಿ ರೆಕಾರ್ಡ್ ಕಂಪನಿ ಬೆದರಿಸಿತ್ತೆಂಬ ಮಾತಿದೆ. ಚಾನೆಲ್ಲಿನವರು ಅದನ್ನು ಅಲ್ಲಗಳೆದರು. ನಿಜ ಏನೇ ಇರಲಿ, ಪ್ರೇಕ್ಷಕರು ಮುನಿಸಿಕೊಳ್ಳಲಿಲ್ಲ, ಮುಗಿಬಿದ್ದು ನೋಡಿದರು. ವರ್ಷದ ಕೊನೆಗೆ ಬಂದ ‘ಥ್ರಿಲ್ಲರ್’ ವಿಡಿಯೋ ಹದಿನಾಲ್ಕು ನಿಮಿಷದ್ದು. ಅದನ್ನೂ ಜನ ಮತ್ತೆ ಮತ್ತೆ ನೋಡಿದರು. ರ‍್ಯಾಪ್ ಸಂಗೀತಕ್ಕೆ ಎಂಟಿವಿಯಲ್ಲಿ ಪ್ರತ್ಯೇಕ ಕಾರ್ಯಕ್ರಮ ಬರಲು ಮಾತ್ರ 1988ರವರೆಗೆ ಕಾಯಬೇಕಾಯಿತು. ಜನಕ್ಕೆ ಇದು ಹಿಡಿಸದು ಎಂದು ಜನರನ್ನು ಕೇಳದೆಯೇ ತೀರ್ಮಾನಿಸಿದ್ದು ಎಷ್ಟು ಪೊಳ್ಳೆಂಬುದು ಆಗ ಬಯಲಾಯಿತು.

ಮುಂದೆ ಹಾಡಿಗೇ ಸಂಚಕಾರ ಬಂತು. ಹಾಡೊಂದು ಮೂರ್ನಾಲ್ಕು ನಿಮಿಷದ್ದು. ಹಿಡಿಸದಿದ್ದರೆ ಪ್ರೇಕ್ಷಕ ಕೂಡಲೇ ರಿಮೋಟ್ ಒತ್ತುತ್ತಾನೆ. ಅರ್ಧ ಗಂಟೆಯ ಕಥೆಯಾದರೆ ಮುಂದೇನೆಂಬ ಕುತೂಹಲಕ್ಕೆ ಕೂರುತ್ತಾನೆ. ಕೂತವರಿದ್ದರಲ್ಲವೇ ಜಾಹೀರಾತು! 1992ರಲ್ಲಿ ಏಳು ಮಂದಿ ಅಪರಿಚಿತರನ್ನು ಒಂದೇ ಮನೆಯಲ್ಲಿಟ್ಟು ಚಿತ್ರೀಕರಿಸಿದ ‘ದಿ ರಿಯಲ್ ವರ್ಲ್ಡ್’ ಬಂತು. ಇಂಥ ಕಾರ್ಯಕ್ರಮಗಳು ಹೆಚ್ಚಿದಂತೆ ಹಾಡಿನ ಜಾಗ ಕಿರಿದಾಯಿತು. 2010ರಲ್ಲಿ ಎಂಟಿವಿ ತನ್ನ ಲಾಂಛನದಿಂದ ‘ಮ್ಯೂಸಿಕ್ ಟೆಲಿವಿಷನ್’ ಎಂಬ ಮಾತನ್ನೇ ಕೈಬಿಟ್ಟಿತು.

ಭಾರತದ ಕಥೆಯೂ ಇದಕ್ಕಿಂತ ಬೇರೆಯಲ್ಲ. 1991ರಲ್ಲಿ ಸ್ಟಾರ್ ಟಿ.ವಿ. ಮೂಲಕ ಬಂದ ಎಂಟಿವಿ, 1994ರಲ್ಲಿ ಸ್ಟಾರ್‌ನಿಂದ ಬೇರೆಯಾಯಿತು. ಆ ಜಾಗಕ್ಕೆ ‘ಚಾನೆಲ್ ವಿ’ ಬಂತು. 1996ರಲ್ಲಿ ಎಂಟಿವಿ ಮರಳಿತು. ಬರೀ ಇಂಗ್ಲಿಷ್ ಪಾಪ್ ನಂಬಿದರೆ ಇಲ್ಲಿ ಬೇಳೆ ಬೇಯದೆಂದು ಅರಿತು ಎರಡೂ ಚಾನೆಲ್‌ಗಳು ಹಿಂದಿ ಚಿತ್ರಗೀತೆ, ಇಂಡಿಪಾಪ್ ಕಡೆ ಹೊರಳಿದವು. 2003ರಲ್ಲಿ ‘ರೋಡೀಸ್’ ಶುರುವಾಯಿತು. ಚಾನೆಲ್ ವಿ 2012ರಲ್ಲಿ ಹಾಡು ಬಿಟ್ಟು ಧಾರಾವಾಹಿಗಳಿಗೆ ಶರಣಾಯಿತು. 2018ರಲ್ಲಿ ಮುಚ್ಚಿಯೇ ಹೋಯಿತು.

ಇಂದು ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಬೇಕಾದ ಹಾಡು ಬೇಕಾದಾಗ ಸಿಗುತ್ತದೆ. ಆದರೆ ಒಂದು ಹಾಡು ಮುಗಿದೊಡನೆ ತಾನಾಗಿ ಬರುವ ಮುಂದಿನ ಹಾಡನ್ನು ಆರಿಸಿದವರು ಯಾರು? ಅಲ್ಲೂ ಲೆಕ್ಕ ಹಳೆಯದೇ: ನೋಡುಗ ಎದ್ದು ಹೋಗಬಾರದು. ನಿನ್ನೆ ಮೆಚ್ಚಿದ್ದರಂಥದ್ದೇ ಇವತ್ತೂ ಎದುರಿಗೆ ಬರುತ್ತದೆ.

ಮಕ್ಕಳ ಹಾಡಿನ ಅಭಿರುಚಿ ಕೆಟ್ಟಿತೆಂದು ರೇಗುವ ಪೋಷಕರು ಒಮ್ಮೆ ಪಕ್ಕದಲ್ಲಿ ಕುಳಿತು ಅವರ ಹಾಡು ಕೇಳಬಹುದು. ತಮಗೆ ಪ್ರಿಯವಾದ ಒಂದನ್ನು ಕೇಳಿಸಬಹುದು. ವಿದ್ಯಾರ್ಥಿಗಳೂ ಅಷ್ಟೇ, ತಾನಾಗಿ ಬಂದದ್ದನ್ನು ಬಿಟ್ಟು ವಾರಕ್ಕೊಂದಾದರೂ ಹೊಸ ಹಾಡನ್ನು ಹುಡುಕಿ ಕೇಳಲಿ. ಕಾಣದ ಯಾರೋ ಹಿಡಿದ ಜರಡಿಯಾಚೆಗೂ ಸಂಗೀತ ಸಾಕಷ್ಟಿದೆ.